ಅಂತೆ ಬಿಟ್ಟು ನಾನು ಅಂದಾಗ

(ಹಾಸನದಲ್ಲಿ ಕತೆ ಬರೆಯುವ ಆಸೆಯುಳ್ಳವರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಬೇಲೂರಿನ ಗುಡಿ ನೋಡದವರು ಇಲ್ಲಿ ಯಾರೂ ಇರಲಾರರು. ದೊಡ್ಡ ಗುಡಿಯಿಂದ ಹೊರಗೆ ಬಂದರೆ ದಕ್ಷಿಣಕ್ಕೆ ಇನ್ನೊಂದು ಗುಡಿ ಇದೆ. ಕಪ್ಪೆ ಚೆನ್ನಿಗರಾಯನ ಗುಡಿ. ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ್ದು. ಅಲ್ಲಿ ಜನ ಮೊದಲು ಹುಡುಕುವುದು ದೇವರ ಹೊಕ್ಕುಳನ್ನು. ಯಾಕೆ ಅಂತ ನಿಮಗೆಲ್ಲ ಗೊತ್ತು. ಆದರೂ ಆ ಕತೆಯನ್ನು ಒಂದು ಸಲ ಹೇಳುತ್ತೇನೆ. ನಮ್ಮಜ್ಜಿ ನನಗೆ ಹೇಳಿದ ಹಾಗೇ ಹೇಳುತ್ತೇನೆ. ಮಾತಿನ ಕೊನೆಕೊನೆಯನ್ನು ಗಮನಿಸಿ ಕೇಳಿ.

ತುಮಕೂರಿನ ಹತ್ತಿರ ಕೈದಾಳ ಅಂತ ಊರು. ಅಲ್ಲಿ ಜಕಣಾಚಾರಿ ಅಂತ ಒಬ್ಬ ಶಿಲ್ಪಿ ಇದ್ದನಂತೆ. ಮದುವೆಯಾದ ಹೊಸದರಲ್ಲೇ ಹೆಂಡತಿಯನ್ನು ಬಿಟ್ಟು ಹೊರಟನಂತೆ. ಊರೂರು ತಿರುಗಿ, ಗುಡಿ ಮೇಲೆ ಗುಡಿ ಕಟ್ಟುತ್ತಾ ಮನೆಯನ್ನೇ ಮರೆತನಂತೆ. ಇತ್ತ ಮಗ ಹುಟ್ಟಿದನಂತೆ, ಡಂಕಣ ಅಂತ. ಅವನು ದೊಡ್ಡವನಾಗಿ ಅಪ್ಪನನ್ನು ಹುಡುಕುತ್ತಾ ಬೇಲೂರಿಗೆ ಬಂದನಂತೆ. ಅಲ್ಲಿ ಮೂರ್ತಿ ತಯಾರಾಗಿ ನಿಂತಿತ್ತಂತೆ. 'ಈ ಕಲ್ಲಲ್ಲಿ ದೋಷ ಇದೆ' ಅಂದನಂತೆ ಹುಡುಗ. 'ತೋರಿಸು, ನನ್ನ ಬಲಗೈ ಕಡಿದುಕೊಳ್ಳುತ್ತೇನೆ' ಅಂದನಂತೆ ಜಕಣ. ಮೂರ್ತಿಗೆಲ್ಲ ಗಂಧ ಬಳಿದರಂತೆ. ಮೈಯೆಲ್ಲ ಒಣಗಿದರೂ ಹೊಕ್ಕುಳ ಹತ್ತಿರ ಒಣಗಲಿಲ್ಲವಂತೆ. ಅಲ್ಲಿ ಉಳಿ ಇಟ್ಟು ಹೊಡೆದರೆ ನೀರು, ಮರಳು, ಜೊತೆಗೆ ಒಂದು ಕಪ್ಪೆ ಹೊರಗೆ ಬಂತಂತೆ. ಜಕಣ ಕೈ ಕಡಿದುಕೊಂಡನಂತೆ. ಆಮೇಲೆ ಇಬ್ಬರೂ ಅಪ್ಪ ಮಗ ಅಂತ ಗೊತ್ತಾಯಿತಂತೆ. ದೇವರು ಕನಸಲ್ಲಿ ಬಂದು ಹೇಳಿದನಂತೆ. ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಹೋದ ಕೈ ಮತ್ತೆ ಬಂತಂತೆ.

ಎಷ್ಟು 'ಅಂತೆ' ಬಂತು ನೋಡಿ. 'ನಾನು ಕಂಡಿಲ್ಲ, ಕೇಳಿದ್ದೇನೆ' ಅನ್ನುವ ಮಾತು ಪೂರ್ತಿ ಆ ಎರಡಕ್ಷರದೊಳಗೆ ಕೂತಿದೆ. ನಮ್ಮಜ್ಜಿ ಶಾಲೆಗೆ ಹೋದವರಲ್ಲ. ಆದರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಅನ್ನುವ ಲೆಕ್ಕವನ್ನು ಅವರು ಒಂದು ದಿನವೂ ತಪ್ಪಿದವರಲ್ಲ.

ಈಗ ಡಂಕಣನನ್ನು ಕರೆದು ನೀನೇ ಹೇಳಪ್ಪಾ ಅನ್ನೋಣ. 'ನಾನು ಬೇಲೂರಿಗೆ ಬಂದೆ.' ಅಂತೆ ಎಲ್ಲಿ ಹೋಯಿತು? ಉದುರಿಹೋಯಿತು. 'ಬಂದೆನಂತೆ' ಅನ್ನೋಕೆ ಆಗಲ್ಲ. ನಮ್ಮ ಬಗ್ಗೆ ನಾವೇ ಅಂತೆ ಹಚ್ಚಿ ಮಾತಾಡುವುದು ಅಪರೂಪ. 'ನಾನು ಮಗುವಾಗಿದ್ದಾಗ ತುಂಬ ಅಳುತ್ತಿದ್ದೆನಂತೆ' ಅನ್ನುತ್ತೇವೆ. 'ಜ್ವರದಲ್ಲಿ ಏನೇನೋ ಬಡಬಡಿಸಿದೆನಂತೆ' ಅನ್ನುತ್ತೇವೆ. ನಮಗೇ ನೆನಪಿಲ್ಲದ, ಬೇರೆಯವರು ಹೇಳಿದ ವಿಷಯಕ್ಕೆ ಮಾತ್ರ. ಮಿಕ್ಕಿದ್ದಕ್ಕೆಲ್ಲ ನಾವೇ ಸಾಕ್ಷಿ.

ಗೊತ್ತಿರುವ ಕತೆಯನ್ನು ಅದರೊಳಗಿನ ಒಬ್ಬರ ಬಾಯಲ್ಲಿ 'ನಾನು' ಅಂತ ಹೇಳಿಸುವ ಬಗ್ಗೆ ಇವತ್ತು ಮಾತಾಡಬೇಕು. ಅಂತೆಯನ್ನು ಎಲ್ಲಿ ಬಿಡಬೇಕು, ಎಲ್ಲಿ ಉಳಿಸಿಕೊಳ್ಳಬೇಕು ಅನ್ನುವುದೇ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಅಂತ ನಾನು ನಂಬಿದ್ದೇನೆ.

ಕನ್ನಡದ 'ನಾನು' ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಅವನು ಬಂದ, ಅವಳು ಬಂದಳು, ಅವರು ಬಂದರು, ಅದು ಬಂತು. ಬೇರೆಯವರ ಬಗ್ಗೆ ಹೇಳುವಾಗ ಬಾಯಿ ತೆರೆದ ಕೂಡಲೇ ನಾವು ತೀರ್ಮಾನ ಮಾಡಿಬಿಡುತ್ತೇವೆ. ಗಂಡೋ ಹೆಣ್ಣೋ, ದೊಡ್ಡವರೋ ಚಿಕ್ಕವರೋ, ಮನುಷ್ಯರೋ ಅಲ್ಲವೋ, ಎಲ್ಲ ಆ ಕ್ರಿಯಾಪದದ ಬಾಲದಲ್ಲೇ ಬಂದುಬಿಡುತ್ತದೆ. 'ನಾನು ಬಂದೆ' ಅಂದರೆ? ರಾಜ ಹೇಳಿದರೂ ಅದೇ, ಕಸ ಗುಡಿಸುವವಳು ಹೇಳಿದರೂ ಅದೇ, ಕಲ್ಲಿನೊಳಗಿನ ಕಪ್ಪೆ ಹೇಳಿದರೂ ಅದೇ. ಎಲ್ಲರೂ ಒಂದೇ ಜಗಲಿ ಮೇಲೆ ಕೂತ ಹಾಗೆ. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಆದರೆ ಇದಕ್ಕೊಂದು ಬೆಲೆಯೂ ಇದೆ. ಮಾತಾಡುತ್ತಿರುವುದು ಯಾರು ಅಂತ 'ನಾನು' ಹೇಳುವುದಿಲ್ಲ. ಅವರು ಉಳಿದವರನ್ನು ಏನಂತ ಕರೆಯುತ್ತಾರೆ ಅನ್ನುವುದು ಹೇಳುತ್ತದೆ. ಯಾರಿಗೆ ನೀನು, ಯಾರಿಗೆ ನೀವು, ಯಾರ ಹೆಸರು ಬಾಯಲ್ಲಿ ಬರುವುದೇ ಇಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಪ್ರತಿ ವರ್ಷ ಮಕ್ಕಳಿಗೆ ಇಂಥದ್ದೊಂದು ಬರೆಯಲು ಕೊಡುತ್ತಿದ್ದೆ. ಒಂದು ವರ್ಷ ಸಳನ ಕತೆ ಕೊಟ್ಟೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಹಳೆಯ ಹೆಸರು ಸೊಸೆವೂರು, ಅಲ್ಲಿ ನಡೆಯಿತು ಅನ್ನುವ ಕತೆ. ಒಬ್ಬ ಹುಡುಗ ಹುಲಿಯನ್ನು ಆರಿಸಿಕೊಂಡ. ಹೀಗೆ ಬರೆದ: 'ನಾನು ಹುಲಿ. ವಾಸಂತಿಕಾ ದೇವಿಯ ಗುಡಿಯ ಬಳಿ ಸುದತ್ತ ಮುನಿಗಳು ಶಿಷ್ಯನಾದ ಸಳನಿಗೆ ಪಾಠ ಹೇಳುತ್ತಿದ್ದರು. ನಾನು ಅವರ ಮೇಲೆ ಹಾರಿದೆ. ಮುನಿಗಳು ಹೊಯ್ ಸಳ ಎಂದರು. ಸಳನು ನನ್ನನ್ನು ಕೊಂದನು. ಆದ್ದರಿಂದ ಅವನ ವಂಶಕ್ಕೆ ಹೊಯ್ಸಳ ಎಂಬ ಹೆಸರು ಬಂದಿತು.'

ಒಂದು ಕಾಗುಣಿತ ತಪ್ಪಿಲ್ಲ. ಆದರೆ ಪಾಠಪುಸ್ತಕ ಹುಲಿಯ ಚರ್ಮ ಹೊದ್ದು ಬಂದ ಹಾಗಿದೆ, ಅಲ್ವಾ? ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಹುಲಿಗೆ ಅದು ಗುಡಿ ಅಂತ ಗೊತ್ತೇನಪ್ಪಾ? ಮುನಿ ಅಂದರೆ ಯಾರು ಅಂತ ಗೊತ್ತಾ? ತಾನು ಸತ್ತ ಮೇಲೆ ಒಂದು ರಾಜವಂಶ ಬಂತು ಅಂತ ಅದಕ್ಕೆ ಯಾರು ಹೇಳಿದರು? ಹುಡುಗ ಏನೂ ಹೇಳಲಿಲ್ಲ. ಮಾರನೇ ದಿನ ಪುಸ್ತಕ ತಂದು ಮೇಜಿನ ಮೇಲಿಟ್ಟ. ನಾಲ್ಕೈದು ಸಾಲು ಅಷ್ಟೇ. 'ಹೊಟ್ಟೆ ಉರಿಯುತ್ತಿತ್ತು. ಇಳಿಜಾರಿನ ಕೆಳಗೆ ಎರಡು ಕಾಲಿನವು ಎರಡು ಇದ್ದವು. ಒಂದು ಮುದಿಯದು. ಒಂದು ಎಳೆಯದು. ಮುದಿಯದು ಸಾಕು ಅಂದುಕೊಂಡೆ. ಹಾರಿದೆ. ಅದು ಕೂಗಿತು. ಹೊಯ್'

ಅಲ್ಲಿಗೆ ನಿಲ್ಲಿಸಿದ್ದ. ಕೊನೆಗೆ ಚುಕ್ಕೆ ಕೂಡ ಇಟ್ಟಿರಲಿಲ್ಲ. ಹುಲಿಗೆ 'ಸಳ' ಅನ್ನುವ ಮಾತು ಕೇಳಿಸಲೇ ಇಲ್ಲ. ಅಷ್ಟರೊಳಗೆ ಅದರ ಕತೆ ಮುಗಿದಿದೆ. ಇನ್ನೊಂದನ್ನು ನೋಡಿ. ಮನುಷ್ಯರೆಲ್ಲ ಅಲ್ಲಿ 'ಅದು' ಆಗಿಬಿಟ್ಟಿದ್ದಾರೆ. ಮುನಿಗಳು ಹೋಗಿ ಮುದಿಯದು ಆಗಿದ್ದಾರೆ. ಹಾಗೆ ಮಾಡು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಹುಲಿಗೆ ಏನು ಗೊತ್ತು ಅಂತ ಕೇಳಿಕೊಂಡ ಕೂಡಲೇ ವ್ಯಾಕರಣವೇ ಮಗ್ಗುಲು ಬದಲಿಸಿತು.

ಕೊಪ್ಪ, ಶೃಂಗೇರಿ ಕಡೆಯಿಂದ ಬಂದವರು ಇಲ್ಲಿದ್ದರೆ ಅವರಿಗೆ ಇದೆಲ್ಲ ಹೊಸದಲ್ಲ. ತಾಳಮದ್ದಳೆ ಅಂದರೆ ಇದೇ ತಾನೇ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿ ಪಂಚೆ ಉಟ್ಟು ಕೂತಲ್ಲೇ ಕೂತು 'ನಾನು ವಾಲಿ' ಅಂತ ಶುರು ಮಾಡುತ್ತಾರೆ. ಮೊದಲು ಪೀಠಿಕೆ. ನಾನು ಯಾರು, ಎಂಥವನು, ಈಗ ಯಾಕೆ ಇಲ್ಲಿಗೆ ಬಂದೆ. ಬರೆದು ಕೊಟ್ಟ ಮಾತು ಒಂದೂ ಇಲ್ಲ. ಪದ ಅದೇ ಇದ್ದರೂ ಒಬ್ಬೊಬ್ಬರ ವಾಲಿ ಒಂದೊಂದು ಥರ. ನಮ್ಮ ಬಯಲುಸೀಮೆಯ ಮೂಡಲಪಾಯದಲ್ಲೂ ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ 'ತಾವು ಯಾರು' ಅಂತ ಕೇಳುತ್ತಾನೆ. ಪಾತ್ರ ತನ್ನ ಬಾಯಿಂದಲೇ ಉತ್ತರ ಹೇಳಬೇಕು.

ತಾಳಮದ್ದಳೆಯಿಂದ ನಾನು ಕಲಿತ ದೊಡ್ಡ ಪಾಠ ಒಂದಿದೆ. ವಾಲಿ ಮಾತಾಡುವಾಗ ರಾಮ ಎದುರಿಗೇ ಕೂತಿರುತ್ತಾನೆ. ಅವನೂ 'ನಾನು' ಅನ್ನುವವನೇ. 'ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ' ಅಂತ ವಾಲಿ ಕೇಳುತ್ತಾನೆ. ಆ ಪ್ರಶ್ನೆಗೆ ತೂಕ ಇದೆ. ಆದರೆ ಎದುರಿನವರು ತಮ್ಮನಾದ ಸುಗ್ರೀವನ ಹೆಂಡತಿ ರುಮೆಯನ್ನು ಕಿತ್ತುಕೊಂಡ ವಿಷಯ ಎತ್ತಿದಾಗ ವಾಲಿ ತಡವರಿಸಬೇಕಾಗುತ್ತದೆ. ನಾವು ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ. ಹಾಗಾಗಿ ಕೆಟ್ಟವನು ಅನ್ನಿಸಿಕೊಂಡವನ ಬಾಯಲ್ಲಿ ಕತೆ ಹೇಳಿಸುವಾಗ ಅವನನ್ನು ಸುಮ್ನೆ ಒಳ್ಳೆಯವನನ್ನಾಗಿ ಮಾಡಿಬಿಡುತ್ತೇವೆ. ದುರ್ಯೋಧನ ಪಾಪದವನು, ಮಂಥರೆ ಪಾಪದವಳು. ಅಂಥ ಬರಹ ಒಂದು ಪುಟ ಓದಿದರೆ ಸಾಕಾಗುತ್ತದೆ. ಯಾರಾದರೂ ಎದುರು ಕೂತಿದ್ದಾರೆ ಅಂದುಕೊಂಡು ಬರೆಯಿರಿ. ನಿಮ್ಮ ವಾಲಿ ಯಾವ ಮಾತನ್ನು ಬೇಗ ದಾಟಿಕೊಂಡು ಹೋಗುತ್ತಾನೆ? ಅಲ್ಲಿ ಅವನ ಜೀವ ಇದೆ.

ಆಲೂರು ಕಡೆಯ ಒಬ್ಬ ಹುಡುಗಿಯ ನೆನಪಾಗುತ್ತಿದೆ. ಕಾಡಾನೆ ಬಂದು ಅವರ ಗದ್ದೆ ತುಳಿದಿತ್ತು. ಕೊಯ್ಲಿಗೆ ಬಂದಿದ್ದ ಭತ್ತ. ಆ ವಾರ ತರಗತಿಯಲ್ಲಿ ಯಾರೋ ಆನೆಯ ಬಾಯಲ್ಲಿ ಕತೆ ಬರೆಯೋಣ ಅಂದರು. ಇವಳು ಪೆನ್ನು ಮುಚ್ಚಿಟ್ಟಳು. ನಾನು ಒತ್ತಾಯ ಮಾಡಲಿಲ್ಲ. ಎಂಟು ದಿನ ಬಿಟ್ಟು ತಾನೇ ಬರೆದು ತಂದಳು. 'ಈ ದಾರಿ ನನ್ನಮ್ಮ ತೋರಿಸಿದ್ದು. ನನ್ನಮ್ಮನಿಗೆ ಅವಳಮ್ಮ' ಅಂತ ಶುರು. ಕೊನೆಗೆ ಆನೆ ತೋಟದ ಅಂಚಿನಲ್ಲಿ ನಿಂತು ಗದ್ದೆ ಕಡೆ ತಿರುಗಿ ನೋಡುತ್ತದೆ. ಅಲ್ಲಿ ಟಾರ್ಚ್ ಹಿಡಿದ ಒಬ್ಬ ಮನುಷ್ಯ ನೆಲದ ಮೇಲೆ ಕೂತಿರುತ್ತಾನೆ. 'ಅದು ಯಾಕೆ ಕೂತಿದೆ ಅಂತ ನನಗೆ ಗೊತ್ತಾಗಲಿಲ್ಲ.' ಅದು ಅವಳ ಅಪ್ಪ. ಆ ಸಾಲು ಓದಿ ನಾನು ತುಂಬ ಹೊತ್ತು ಸುಮ್ಮನಿದ್ದೆ. ಆನೆಯನ್ನು ಅವಳು ಕ್ಷಮಿಸಿರಲಿಲ್ಲ. ಆನೆಗೆ ಗೊತ್ತಿಲ್ಲದ್ದನ್ನು ಅದರ ಬಾಯಲ್ಲಿ ಹೇಳಿಸಿಯೂ ಇರಲಿಲ್ಲ.

ಮತ್ತೆ ಬೇಲೂರಿಗೆ ಬರೋಣ.

ಜಕಣನ ಕತೆ ಕೊಟ್ಟಾಗ ಮಕ್ಕಳೆಲ್ಲ ಡಂಕಣ ಆಗುತ್ತಿದ್ದರು. ಸಹಜ. ದೊಡ್ಡವರ ಮುಂದೆ ನಿಂತು 'ತಪ್ಪು' ಅನ್ನುವ ಹುಡುಗ ಆಗೋಕೆ ಯಾರಿಗೆ ಆಸೆ ಇಲ್ಲ? ಕೆಲವರು ಜಕಣ ಆದರು. ಇಬ್ಬರು ಮೂವರು ಕಪ್ಪೆ ಆದರು. ಒಂದು ವರ್ಷ ಒಬ್ಬಳು ಎದ್ದು ನಿಂತು, 'ಮೇಡಂ, ನಾನು ಡಂಕಣನ ತಾಯಿ ಆಗ್ತೀನಿ' ಅಂದಳು.

ನಾನು ಕೇಳಿದ ಕತೆಯಲ್ಲಿ ಆ ತಾಯಿಗೆ ಹೆಸರೇ ಇಲ್ಲ. ಗಂಡ ಬಿಟ್ಟು ಹೋಗುವುದಕ್ಕೆ, ಮಗ ಹುಟ್ಟುವುದಕ್ಕೆ ಬೇಕು. ಆಮೇಲೆ ಬೇಡ. ಎರಡು ದಿನಕ್ಕೆ ಹುಡುಗಿ ವಾಪಸ್ ಬಂದಳು. 'ಇವಳು ಬೇಲೂರಿಗೆ ಹೋಗೇ ಇಲ್ವಲ್ಲ ಮೇಡಂ. ಕಪ್ಪೇನೇ ಇಲ್ದೆ ಕತೆ ಹೇಗೆ?'

ಎಂಥ ಒಳ್ಳೆಯ ಪ್ರಶ್ನೆ! ಹೇಳುವವರು ಬದಲಾದರೆ ಕತೆಯ ನಡುಮನೆಯೇ ಬದಲಾಗುತ್ತದೆ. ಗಂಧ, ಉಳಿಯ ಏಟು, ಕಪ್ಪೆ, ಕಡಿದ ಕೈ, ಎಲ್ಲ ಎಲ್ಲೋ ದೂರದಲ್ಲಿ ನಡೆಯುತ್ತವೆ. ಕಣ್ಣ ಮುಂದೆ ಉಳಿಯುವುದು ಒಂದು ಮನೆ, ಒಂದು ಒಲೆ, ಒಬ್ಬ ಮಗ. ಇಷ್ಟೇ ಇಟ್ಟುಕೊಂಡು ಬರಿ ಅಂದೆ.

ಎರಡನೇ ತೊಡಕು ಅವಳಿಗೇ ಹೊಳೆಯಿತು. ತಾಯಿ ಗಂಡನ ಹೆಸರು ಹೇಳುವ ಹಾಗಿಲ್ಲ. ಅವಳ ಸ್ವಂತ ಅಜ್ಜಿ ಇವತ್ತಿಗೂ ಹೇಳುವುದಿಲ್ಲವಂತೆ. ಯಾರಾದರೂ ಕೇಳಿದರೆ ಮೊಮ್ಮಗಳ ಕಡೆ ನೋಡುತ್ತಾರಂತೆ, ನೀನೇ ಹೇಳು ಅಂತ. ಹಿಂದೆ ಮದುವೆ ಮನೆಯಲ್ಲಿ ಗಂಡನ ಹೆಸರು ಹೇಳು ಅಂತ ಪೀಡಿಸಿದರೆ ಹೆಣ್ಣುಮಕ್ಕಳು ಒಂದು ಒಗಟು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಿದ್ದರು. ಹಾಗಾಗಿ ಆ ಬರಹದಲ್ಲಿ ಮೊದಲಿಂದ ಕೊನೆಯವರೆಗೆ ಜಕಣ ಅನ್ನುವ ಹೆಸರು ಒಂದು ಸಲವೂ ಬರಲಿಲ್ಲ. 'ಅವರು' ಅಂತ ಬಂತು. 'ನಮ್ಮನೆಯವರು' ಅಂತ ಬಂತು. ಮಗನ ಮುಂದೆ 'ನಿಮ್ಮಪ್ಪ' ಅಂತ ಬಂತು. ಇಡೀ ನಾಡಿಗೆ ಗೊತ್ತಿರುವ ಹೆಸರು ಆ ಮನೆಯೊಳಗೆ ಇಲ್ಲವೇ ಇಲ್ಲ.

ಆಮೇಲೆ ಅಡುಗೆಮನೆ. ಮೊದಲ ಸಲ ಬರೆದಾಗ ತಾಯಿ ಮಗನಿಗೆ ಮುದ್ದೆ ಜೊತೆ ಆಲೂಗಡ್ಡೆ ಸಾರು ಬಡಿಸಿದ್ದಳು. ಒಣಮೆಣಸಿನಕಾಯಿ ಒಗ್ಗರಣೆ ಬೇರೆ. ಆಲೂಗಡ್ಡೆ ಇಲ್ಲದ ಕಾಲ ಒಂದಿತ್ತು ಅಂದರೆ ಹಾಸನದವರಿಗೆ ನಂಬೋಕೆ ಕಷ್ಟವೇ. ಆದರೆ ಬೇಲೂರಿನ ದೊಡ್ಡ ಗುಡಿ 1117ರದು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ. ಅದಾದ ಮೇಲೆ ಇವು ಹಡಗಿನಲ್ಲಿ ಬಂದವು. ಬಾಬಾ ಬುಡನ್ ಚಂದ್ರದ್ರೋಣ ಬೆಟ್ಟಕ್ಕೆ ಕಾಫಿ ಬೀಜ ತಂದರು ಅನ್ನುವುದೂ ಆಮೇಲಿನ ಮಾತೇ. ಹಾಗಾದರೆ ಏನು ಬಡಿಸಲಿ ಅಂದಳು. ಹುರುಳಿ ಇತ್ತು, ಹುಣಸೆ ಇತ್ತು, ಖಾರಕ್ಕೆ ಕಾಳುಮೆಣಸು ಇತ್ತು. ಹುರುಳಿ ಸಾರು ಬಂತು. ಇದು ಸಣ್ಣ ವಿಷಯ ಅನ್ನಬೇಡಿ. 'ನಾನು' ಅನ್ನುವವರು ಮುಟ್ಟುವ ವಸ್ತು ಸುಳ್ಳಾದರೆ ಅವರ ಮಾತನ್ನು ಯಾರೂ ನಂಬುವುದಿಲ್ಲ. ಹಾಗಂತ ಅವಳಿಗೆ ಹಳಗನ್ನಡ ಮಾತಾಡಿಸೋಕೂ ಹೋಗಬೇಡಿ. ಮನೆಮಾತು ಇರಲಿ.

ಕಲ್ಲಿನ ವಿಷಯ ತಾಯಿಗೆ ಎಷ್ಟು ಗೊತ್ತಿರುತ್ತದೆ? ಬೇಲೂರು, ಹಳೇಬೀಡಿನ ಕಲ್ಲು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಇಟ್ಟಷ್ಟೂ ಗಟ್ಟಿಯಾಗುತ್ತದೆ. ಆ ಕೆತ್ತನೆ ಅಷ್ಟು ಸೂಕ್ಷ್ಮ ಇರುವುದಕ್ಕೆ ಅದೂ ಒಂದು ಕಾರಣ. ಶಿಲ್ಪಿಗೆ ಇದು ವಿದ್ಯೆ. ಶಿಲ್ಪಿಯ ಹೆಂಡತಿಗೆ ಇದು ಬಟ್ಟೆ ಒಗೆದ ನೀರಿನಲ್ಲಿ ತಳಕ್ಕೆ ಕೂರುವ ಬೂದು ಹುಡಿ. ಹುಡುಗಿ ಬರೆದಳು: 'ಅವರು ಹೋದ ಮೇಲೆ ಮೂರು ಸಲ ಒಗೆದ ಮೇಲೂ ಆ ಬಟ್ಟೆಯಲ್ಲಿ ಹುಡಿ ಇತ್ತು. ನಾಲ್ಕನೇ ಸಲ ಒಗೆಯಲಿಲ್ಲ.'

ಈಗ ಅಂತೆಗೆ ಬರುತ್ತೇನೆ. ಆ ಬರಹದಲ್ಲಿ ಮನೆಯೊಳಗಿನ ಯಾವ ಮಾತಿಗೂ ಅಂತೆ ಇಲ್ಲ. ಬೇಲೂರಿನ ಪ್ರತಿ ಮಾತಿಗೂ ಅಂತೆ ಇದೆ. ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬಂದವನು ಜಗಲಿ ಮೇಲೆ ಕೂತು ನೀರು ಕುಡಿಯುತ್ತಾ ಸುದ್ದಿ ಹೇಳುತ್ತಾನೆ. ಬೇಲೂರಲ್ಲಿ ದೊಡ್ಡ ಗುಡಿ ಆಗಿದೆಯಂತೆ. ಯಾರೋ ಹುಡುಗ ಬಂದು ಮೂರ್ತಿಯಲ್ಲಿ ದೋಷ ತೋರಿಸಿದನಂತೆ. ಕಲ್ಲಲ್ಲಿ ಕಪ್ಪೆ ಇತ್ತಂತೆ. ದೊಡ್ಡ ಆಚಾರಿ ಬಲಗೈ ಕಡಿದುಕೊಂಡನಂತೆ. ಅಷ್ಟು ಹೇಳಿ ಅವನು ಎತ್ತು ಹೊಡೆದುಕೊಂಡು ಹೋಗುತ್ತಾನೆ. ಹೆಸರು ಅವನಿಗೂ ಗೊತ್ತಿಲ್ಲ. ತಾಯಿ ಹೇಳುತ್ತಾಳೆ: 'ಅಯ್ಯೋ ಪಾಪ, ಆ ಆಚಾರಿಯ ಹೆಂಡತಿ ಈಗ ಹೇಗಿದ್ದಾಳೋ ಅಂದುಕೊಂಡೆ. ಚೊಂಬು ತೊಳೆದು ಒಳಗಿಟ್ಟೆ.'

ಕೈ ಹೋದದ್ದು ಯಾರದು ಅಂತ ಓದುವ ನಮಗೆಲ್ಲ ಗೊತ್ತು. ಅವಳೊಬ್ಬಳಿಗೆ ಗೊತ್ತಿಲ್ಲ. ಕಪ್ಪೆ ಕಣ್ಣಿಗೆ ಬೀಳದೆಯೂ ಕತೆ ಇಷ್ಟು ಗಟ್ಟಿಯಾಗಿ ನಿಂತದ್ದನ್ನು ನಾನು ಅವತ್ತು ಮೊದಲ ಸಲ ಕಂಡೆ. ಅದೇ ತಾಯಿಗೆ ಎಲ್ಲ ಮೊದಲೇ ಗೊತ್ತಿದೆ ಅಂತ ಬರೆದಿದ್ದರೆ ಅಳು, ಗೋಳಾಟ, ಒಂದು ದೊಡ್ಡ ಭಾಷಣ ಬರುತ್ತಿತ್ತು.

ಮುಂದಿನ ಸಾಲಿನಲ್ಲಿ ಕೂತ ಒಬ್ಬರು ಆಗಲೇ ಕೇಳಿದರು, ಜಕಣಾಚಾರಿ ನಿಜಕ್ಕೂ ಇದ್ದನಾ ಅಂತ. ಬೇಲೂರಿನ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರುಗಳಿವೆ. ಅಲ್ಲಿ ಜಕಣಾಚಾರಿಯ ಹೆಸರು ಸಿಕ್ಕಿಲ್ಲ. ಇತಿಹಾಸ ಓದಿದವರು ಇದನ್ನು ಐತಿಹ್ಯ ಅನ್ನುತ್ತಾರೆ. ಆದರೆ ನಿಜವಾದ ಒಂದು ಅಪ್ಪ ಮಗನ ಜೋಡಿ ಅಲ್ಲಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಇಬ್ಬರೂ ಒಂದೇ ಗುಡಿಗೆ ಕೆತ್ತಿದರು, ಇಬ್ಬರ ಹೆಸರೂ ಕಲ್ಲಿನಲ್ಲಿ ಉಳಿಯಿತು. ಮುಂದಿನ ಸಲ ಹೋದಾಗ ಮದನಿಕೆಯರ ಮುಖ ನೋಡಿದ ಮೇಲೆ ಕೆಳಗಿನ ಪೀಠವನ್ನೂ ನೋಡಿ. ಚಾವಣನ ಬಾಯಲ್ಲಿ ಒಂದು ಕತೆ ಯಾರಾದರೂ ಬರೆದರೆ ನಾನು ಓದೋಕೆ ಕಾಯುತ್ತೇನೆ. ಅಪ್ಪನ ಪಕ್ಕದಲ್ಲೇ ಕೂತು ಕೆಲಸ ಮಾಡಿದ ಮಗ ಏನು ಹೇಳಬಹುದು?

ಕತೆಯನ್ನು ಬದಲಾಯಿಸಬಹುದಾ ಅಂತಲೂ ಕೇಳುತ್ತಾರೆ. ಜಕಣ ಕೈ ಕಡಿದುಕೊಳ್ಳಲೇ ಇಲ್ಲ ಅಂತ ಬರೆದರೆ? ನನಗೆ ಅದು ಒಪ್ಪಿಗೆ ಆಗುವುದಿಲ್ಲ. ನಡೆದದ್ದು ಹಳೆಯ ಕತೆಯದು, ನಮಗಿಂತ ಮುಂಚೆ ಹೇಳಿಕೊಂಡು ಬಂದವರದು. ಅದನ್ನು ಯಾರು ಎಲ್ಲಿ ನಿಂತು ಕಂಡರು, ಎಷ್ಟು ಕಂಡರು, ಯಾರಿಗೆ ಹೇಳಿದರು, ಅಷ್ಟು ನಮ್ಮದು. ನಡೆದದ್ದೇ ಬೇಡ ಅನ್ನಿಸಿದರೆ ಹೊಸ ಹೆಸರಿಟ್ಟು ಹೊಸ ಕತೆ ಬರೆಯಬಹುದಲ್ಲ.

ಯಾರಿಗೆ ಹೇಳಿದರು ಅಂದೆನಲ್ಲ, ಅದನ್ನು ಬರೆಯುವ ಮೊದಲೇ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ನಾವು ಅಮ್ಮನಿಗೆ ಹೇಳುವ ಮಾತೇ ಬೇರೆ, ಗೆಳತಿಗೆ ಹೇಳುವ ಮಾತೇ ಬೇರೆ. ಈ ಹುಡುಗಿ ಬಹಳ ಯೋಚಿಸಿ ಒಂದು ಉಪಾಯ ಮಾಡಿದಳು. ವರ್ಷಗಳು ಕಳೆದಿವೆ. ಡಂಕಣನಿಗೆ ಮದುವೆಯಾಗಿದೆ. ಅವನೂ ಕೆಲಸಕ್ಕೆ ಅಂತ ಯಾವುದೋ ಊರಿಗೆ ಹೊರಟಿದ್ದಾನೆ. ಬಾಗಿಲಲ್ಲಿ ನಿಂತ ಸೊಸೆಗೆ ತಾಯಿ ಇದನ್ನೆಲ್ಲ ಹೇಳುತ್ತಾಳೆ. ಅದಕ್ಕೇ ಆ ಮಾತಿನಲ್ಲಿ ದೂರು ಕಡಿಮೆ, ಎಚ್ಚರ ಜಾಸ್ತಿ. ಕೇಳುವವಳನ್ನು ಹೆದರಿಸಬಾರದು ಅಂತ ಕೆಲವನ್ನು ನುಂಗಿಕೊಳ್ಳುತ್ತಾಳೆ.

ಆ ನೋಟ್‌ಬುಕ್ಕಿನ ಕೊನೆಯ ಪುಟ ನನಗೆ ಬಾಯಿಗೆ ಬರುತ್ತದೆ. ಕೈದಾಳದ ಗುಡಿ ಮುಗಿದ ದಿನ. ಅದನ್ನು ಹೇಳಿ ಕೂರುತ್ತೇನೆ.

'ಗುಡಿ ಹತ್ರ ಊರೇ ಸೇರಿತ್ತು ಕಣವ್ವ. ನಾನು ಹೋಗಲಿಲ್ಲ, ಒಲೆ ಮೇಲೆ ಎಸರು ಇಟ್ಟಿದ್ದೆ. ಪೂಜೆ ಆಯಿತಂತೆ. ಗಂಟೆ ಹೊಡೆದರಂತೆ. ಕೈ ಮತ್ತೆ ಬಂತಂತೆ. ಮಕ್ಕಳು ಓಡಿಬಂದು ಹೇಳಿದವು. ಹ್ಞೂಂ ಅಂದೆ. ಸಂಜೆ ಅವರು ಬಂದರು. ಎಲೆ ಹಾಕಿದೆ, ಮುದ್ದೆ ಇಟ್ಟೆ, ಸಾರು ಬಿಟ್ಟೆ. ಅವರು ಮುದ್ದೆ ಮುರಿದರು. ಬಲಗೈಯಲ್ಲಿ ಮುರಿದರು. ನಾನು ನೋಡಿದೆ.'